ಓದುಗರ ಪ್ರಶ್ನೆ, ನಮ್ಮ ಉತ್ತರ: ಸೈಕಲ್ ಸವಾರರಿಗೆ ಹಗುರ ಮಳೆ ಜಾಕೆಟ್

ಸುತ್ತಿ ಜೇಬಿಗೆ ಸೇರಿಸಬಹುದಾದ ಮಳೆ ಜಾಕೆಟ್‌ಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಬಗೆಯವನ್ನು ಸೇರಿಸಿ ಒಂದಾಗಿ ಕೊಟ್ಟಿದ್ದೇವೆ.

ಪ್ರಶ್ನೆ: ಜಾಕೆಟ್‌ಗಳ ಲೇಬಲ್ ಮೇಲೆ 10,000/10,000, 20,000/20,000 ಎಂದೆಲ್ಲ ಇರುತ್ತದೆ. ಇದರ ಅರ್ಥವೇನು? ಅಂಕಿ ದೊಡ್ಡದಿದ್ದಷ್ಟೂ ಒಳ್ಳೆಯದೇ?

ಉತ್ತರ: ಮೊದಲ ಅಂಕಿ ನೀರು ತಡೆಯುವ ಶಕ್ತಿಯದು. ಬಟ್ಟೆಯ ಒಂದು ಬದಿಯಲ್ಲಿ ನೀರಿನ ಒತ್ತಡ ಏರಿಸುತ್ತ ಹೋಗುತ್ತಾರೆ. ಇನ್ನೊಂದು ಬದಿಯಲ್ಲಿ ಮೂರನೆಯ ಹನಿ ಜಿನುಗಿದಾಗ ಎಷ್ಟು ಒತ್ತಡವಿತ್ತೋ ಅದನ್ನು ನೀರಿನ ಕಂಬದ ಎತ್ತರವಾಗಿ ಮಿಲಿಮೀಟರ್‌ನಲ್ಲಿ ಬರೆಯುತ್ತಾರೆ. 10,000 ಎಂದರೆ ಹತ್ತು ಮೀಟರ್ ನೀರಿನ ಒತ್ತಡ. ಮಳೆಗೆ ಎದುರುಗಾಳಿ ಸೇರಿದರೂ ಬಟ್ಟೆಯ ಮೇಲೆ ಅಷ್ಟು ಒತ್ತಡ ಬೀಳುವುದಿಲ್ಲ. ಒತ್ತಡ ನಿಜಕ್ಕೂ ಹೆಚ್ಚುವುದು ಬೆನ್ನಚೀಲದ ಪಟ್ಟಿ ಭುಜವನ್ನು ಒತ್ತುವ ಕಡೆ. ಚೀಲವಿಲ್ಲದೆ ಹೋಗುವವರಿಗೆ 10,000 ಧಾರಾಳವಾಯಿತು. ದಿನವೂ ಭಾರದ ಚೀಲ ಹೊರುವವರು 15,000ದಿಂದ 20,000ದ್ದನ್ನು ನೋಡಲಿ. ಅದರಾಚೆಗಿನ ಅಂಕಿಗೆ ಹಣ ಸುರಿಯಬೇಕಿಲ್ಲ.

ಎರಡನೆಯ ಅಂಕಿ ಬೆವರಿನ ಆವಿಯನ್ನು ಹೊರಬಿಡುವ ಶಕ್ತಿಯದು: ಒಂದು ಚದರ ಮೀಟರ್ ಬಟ್ಟೆ 24 ಗಂಟೆಯಲ್ಲಿ ಎಷ್ಟು ಗ್ರಾಂ ಆವಿಯನ್ನು ದಾಟಿಸುತ್ತದೆ ಎಂಬ ಲೆಕ್ಕ. ಇಲ್ಲಿ ತುಸು ಎಚ್ಚರ ಬೇಕು. ಇದನ್ನು ಅಳೆಯುವ ವಿಧಾನಗಳು ಹಲವು. ಬಾಯಿಗೆ ಬಟ್ಟೆ ಬಿಗಿದ ಲೋಟವನ್ನು ನೇರವಾಗಿಟ್ಟು ಅಳೆದರೆ ಒಂದು ಅಂಕಿ ಬರುತ್ತದೆ, ಮಗುಚಿಟ್ಟು ಅಳೆದರೆ ಅದೇ ಬಟ್ಟೆಗೆ ಬಹಳ ದೊಡ್ಡ ಅಂಕಿ ಬರುತ್ತದೆ. ವಿಧಾನ ಯಾವುದೆಂದು ತಿಳಿಯದೆ ಒಂದು ಕಂಪನಿಯ 15,000ವನ್ನು ಇನ್ನೊಂದರ 20,000ದ ಪಕ್ಕದಲ್ಲಿಟ್ಟು ತೂಗುವುದರಲ್ಲಿ ಅರ್ಥವಿಲ್ಲ. ಕೆಲವರು ಆರ್‌ಇಟಿ ಎಂಬ ಅಂಕಿ ಕೊಡುತ್ತಾರೆ. ಅದು ಆವಿಗೆ ಬಟ್ಟೆ ಒಡ್ಡುವ ಅಡ್ಡಿಯ ಅಳತೆ, ಹಾಗಾಗಿ ಕಡಿಮೆ ಇದ್ದಷ್ಟೂ ಒಳ್ಳೆಯದು. 6ರ ಒಳಗಿದ್ದರೆ ಬಹಳ ಚೆನ್ನ, 6ರಿಂದ 13 ಆದೀತು, 20 ದಾಟಿದರೆ ತುಳಿದು ಬೆವರುವವರಿಗೆ ಅದು ಬೇಡ.

ಇಷ್ಟಾದರೂ ಲ್ಯಾಬಿನ ಅಂಕಿ ರಸ್ತೆಯ ಮೇಲೆ ಹಾಗೇ ಸಿಗುವುದಿಲ್ಲ, ಕಾರಣ ಗೊತ್ತಿರಲಿ. ಸೈಕಲ್ ತುಳಿಯುವಾಗ ದೇಹ ವ್ಯಯಿಸುವ ಶಕ್ತಿಯಲ್ಲಿ ಪೆಡಲ್ ಮುಟ್ಟುವುದು ಸುಮಾರು 20ರಿಂದ 25 ಶೇಕಡಾ, ಉಳಿದದ್ದೆಲ್ಲ ಶಾಖ. ಪೆಡಲ್ ಮೇಲೆ 150 ವಾಟ್ ಹಾಕುವವರ ಮೈಯಿಂದ 450ರಿಂದ 600 ವಾಟ್ ಶಾಖ ಹೊರಬೀಳುತ್ತಿರುತ್ತದೆ, ಏರುದಾರಿಯಲ್ಲಿ ಗಂಟೆಗೆ ಒಂದು ಲೀಟರ್ ಬೆವರುವುದು ಅಪರೂಪವೇನಲ್ಲ. ಆ ಆವಿಯನ್ನು ಬಟ್ಟೆಯಾಚೆಗೆ ನೂಕುವುದು ಒಳಗಿನ ಮತ್ತು ಹೊರಗಿನ ಆವಿ ಒತ್ತಡದ ವ್ಯತ್ಯಾಸ. ಬೆವರಿದ ಚರ್ಮದ ಬಳಿ, 33 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅದು ಸುಮಾರು 5 ಕಿಲೊಪಾಸ್ಕಲ್. ಮಳೆ ಬೀಳುತ್ತಿರುವ 10 ಡಿಗ್ರಿ ಚಳಿಯ ಗಾಳಿಯಲ್ಲಿ ಸುಮಾರು 1.2. ವ್ಯತ್ಯಾಸ 3.8. ಅದೇ 25 ಡಿಗ್ರಿಯ ಮಳೆಯಲ್ಲಿ ಹೊರಗೇ 3.2 ಇರುತ್ತದೆ, ವ್ಯತ್ಯಾಸ 1.8ಕ್ಕೆ ಇಳಿಯುತ್ತದೆ. ಅಂದರೆ ಬೆಚ್ಚಗಿನ ಮಳೆಯಲ್ಲಿ ಅದೇ ಜಾಕೆಟ್ ಅರ್ಧಕ್ಕಿಂತ ಕಡಿಮೆ ಕೆಲಸ ಮಾಡುತ್ತದೆ. ಎಷ್ಟು ದುಬಾರಿ ಬಟ್ಟೆಯೂ ಇದನ್ನು ಮೀರಲಾರದು. ಆದ್ದರಿಂದ ಬೆಚ್ಚಗಿನ ಮಳೆಯಲ್ಲಿ ತುಳಿಯುವವರು ಎರಡನೆಯ ಅಂಕಿಯನ್ನು ಬೆನ್ನಟ್ಟುವ ಬದಲು ಗಾಳಿ ಆಡುವ ದಾರಿಗಳನ್ನು ನೋಡಿ ಕೊಳ್ಳಬೇಕು: ಮೇಲಿನಿಂದಲೂ ಕೆಳಗಿನಿಂದಲೂ ತೆರೆಯುವ ಜಿಪ್, ಬೆನ್ನ ಮೇಲ್ಭಾಗದಲ್ಲಿ ಮಡಿಕೆಯಡಿಯ ಕಿಂಡಿ, ಕಂಕುಳಲ್ಲಿ ರಂಧ್ರ, ಮೇಲಕ್ಕೆ ಸರಿಸಬಹುದಾದ ತೋಳು.

ಪ್ರಶ್ನೆ: ಎರಡೂವರೆ ಪದರ, ಮೂರು ಪದರ ಎನ್ನುತ್ತಾರೆ. ಜೇಬಿನಲ್ಲಿಟ್ಟುಕೊಂಡು ಹೋಗಲು ಯಾವುದು?

ಉತ್ತರ: ಹೊರಗಿನ ನೇಯ್ದ ಬಟ್ಟೆ ಒಂದು ಪದರ. ಅದಕ್ಕೆ ಒಳಗಿನಿಂದ ಅಂಟಿಸಿದ ಪೊರೆ ಅಥವಾ ಬಳಿದ ಲೇಪ ಎರಡನೆಯದು, ನೀರು ತಡೆಯುವುದು ಇದೇ. ಇಷ್ಟೇ ಇದ್ದರೆ ಪೊರೆ ಸವೆಯದಂತೆ ಬೇರೆ ಅಸ್ತರಿ ಹಾಕಬೇಕು, ಜಾಕೆಟ್ ದಪ್ಪವಾಗುತ್ತದೆ, ಜೇಬಿಗೆ ಹೊಂದುವುದಿಲ್ಲ. ಅಸ್ತರಿಯ ಬದಲು ಪೊರೆಯ ಮೇಲೆ ಚುಕ್ಕಿ ಅಥವಾ ಗೆರೆಗಳ ತೆಳು ರಕ್ಷಣೆಯನ್ನು ಅಚ್ಚೊತ್ತಿದರೆ ಅದೇ ಎರಡೂವರೆ ಪದರ. ತೆಳ್ಳನೆಯ ಹೆಣೆದ ಬಟ್ಟೆಯನ್ನು ಪೊರೆಗೇ ಅಂಟಿಸಿದರೆ ಮೂರು ಪದರ.

ಎರಡೂವರೆಯದು ಸಾಮಾನ್ಯವಾಗಿ 100ರಿಂದ 200 ಗ್ರಾಂ ತೂಗುತ್ತದೆ, ಅರ್ಧ ಲೀಟರ್ ಬಾಟಲಿಯಷ್ಟು ಜಾಗದಲ್ಲಿ ಕೂರುತ್ತದೆ. ಅದರ ದೋಷ ಬರಿಮೈಗೆ ತಾಗಿದಾಗ ಗೊತ್ತಾಗುತ್ತದೆ. ಅರ್ಧ ತೋಳಿನ ಜರ್ಸಿಯ ಮೇಲೆ ಹಾಕಿದರೆ ಮುಂಗೈಗೆ ತಣ್ಣಗೆ ಅಂಟಿಕೊಳ್ಳುತ್ತದೆ, ಒಳಗೆ ಕಟ್ಟಿದ ಬೆವರಹನಿಯನ್ನು ಹೀರಲು ಅಲ್ಲಿ ಏನೂ ಇರುವುದಿಲ್ಲ. ಮೂರು ಪದರದ್ದು 180ರಿಂದ 350 ಗ್ರಾಂ. ಒಳಗಿನ ಹೆಣಿಗೆ ಆ ಹನಿಯನ್ನು ಹರಡಿಕೊಳ್ಳುವುದರಿಂದ ಅಂಟು ಕಡಿಮೆ, ಬಾಳಿಕೆಯೂ ಹೆಚ್ಚು. ನಮ್ಮ ಅಭಿಪ್ರಾಯ ಹೀಗಿದೆ: ಜಾಕೆಟ್ ಬಹುಪಾಲು ಜೇಬಿನಲ್ಲೇ ಇದ್ದು ಆಗೊಮ್ಮೆ ಈಗೊಮ್ಮೆ ಅರ್ಧ ಗಂಟೆ ಬಳಸುವಿರಾದರೆ ಎರಡೂವರೆ. ಮಳೆಗಾಲವಿಡೀ ದಿನಕ್ಕೆರಡು ಸಲ ಹಾಕುವಿರಾದರೆ 200 ಗ್ರಾಂ ಆಸುಪಾಸಿನ ಮೂರು ಪದರ. ಹೆಚ್ಚಾದ 70, 80 ಗ್ರಾಂ ಬೆನ್ನಿಗೆ ತಿಳಿಯುವುದಿಲ್ಲ.

ಹೊರಬಟ್ಟೆಯ ದಾರದ ದಪ್ಪವನ್ನೂ ನೋಡಿ. ಡೆನಿಯರ್ ಎಂದರೆ 9,000 ಮೀಟರ್ ದಾರದ ತೂಕ, ಗ್ರಾಂನಲ್ಲಿ. 7, 10 ಡೆನಿಯರ್ ಬಟ್ಟೆ ಬಹಳ ಹಗುರ, ಆದರೆ ಒಂದು ಮುಳ್ಳು ತಾಗಿದರೆ ಸಾಕು. 15ರಿಂದ 20 ಸೈಕಲ್ಲಿಗೆ ಹದ. ಬೆನ್ನಚೀಲ ಹೊರುವವರಿಗೆ 30.

ಹೊರಬಟ್ಟೆಯೇ ಇಲ್ಲದ ಜಾಕೆಟ್ ಬಗ್ಗೆಯೂ ಇಬ್ಬರು ಕೇಳಿದ್ದಾರೆ. ಅಮೆರಿಕದ ಗೋರ್ ಕಂಪನಿಯ ಬಾಬ್ ಗೋರ್ 1969ರಲ್ಲಿ ಟೆಫ್ಲಾನನ್ನು ಥಟ್ಟನೆ ಎಳೆದು ಸೂಕ್ಷ್ಮರಂಧ್ರಗಳ ಪೊರೆಯಾಗಿಸುವ ಬಗೆ ಕಂಡುಕೊಂಡರು. ನೀರು ತಡೆದು ಆವಿ ಬಿಡುವ ಗೋರ್‌ಟೆಕ್ಸ್ ಬಟ್ಟೆ ಹುಟ್ಟಿದ್ದು ಅದರಿಂದ. ಆ ಪೊರೆಯನ್ನೇ ಹೊರಮೈಯಾಗಿಟ್ಟು 2015ರಲ್ಲಿ ಶೇಕ್‌ಡ್ರೈ ಎಂಬ ಬಟ್ಟೆ ಬಂತು. ನೆನೆಯಲು ಹೊರಬಟ್ಟೆಯೇ ಇಲ್ಲದ್ದರಿಂದ ಕೊಡವಿದರೆ ಒಣಗುತ್ತಿತ್ತು, ಸುಮಾರು 100 ಗ್ರಾಂ ತೂಗುತ್ತಿತ್ತು. ಸೈಕಲ್ಲಿಗೆ ಅದರಷ್ಟು ಹೊಂದಿದ ಬಟ್ಟೆ ಮತ್ತೊಂದು ಬಂದಿಲ್ಲ ಎಂದೇ ಹೇಳಬೇಕು. ಅದರ ತಯಾರಿಕೆ ಈಗ ನಿಂತಿದೆ. ಬಳಸಿದ್ದು ಸಿಕ್ಕರೆ ಭುಜ ಮತ್ತು ಸೊಂಟದ ಮೇಲೆ ಉಜ್ಜಿಹೋಗಿ ಹೊಳಪು ಬದಲಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಚೀಲದ ಪಟ್ಟಿ ಉಜ್ಜಿದ ಜಾಗದಲ್ಲಿ ಪೊರೆಯೇ ಸವೆದಿರುತ್ತದೆ, ಅದಕ್ಕೆ ಮದ್ದಿಲ್ಲ.

ಪ್ರಶ್ನೆ: 60 ಗ್ರಾಂನ ಗಾಳಿ ಜಾಕೆಟ್ ಇದೆ. ಮಳೆಗೂ ಅದೇ ಸಾಕಾಗದೇ?

ಉತ್ತರ: ತುಂತುರಿಗೆ ಹತ್ತು ಹದಿನೈದು ನಿಮಿಷ ಸಾಕು. ಜೋರು ಮಳೆಗೆ ಸಾಲದು, ಅದರಲ್ಲಿ ಪೊರೆಯಿಲ್ಲ. ‘ವಾಟರ್ ರೆಸಿಸ್ಟಂಟ್’ ಎಂದು ಬರೆದ ಜಾಕೆಟ್ಟನ್ನು ಒಳಮಗ್ಗುಲಾಗಿ ತಿರುಗಿಸಿ ನೋಡಿ. ಹೊಲಿಗೆಗಳ ಮೇಲೆ ಸುಮಾರು ಒಂದು ಸೆಂಟಿಮೀಟರ್ ಅಗಲದ ಟೇಪ್ ಅಂಟಿಸಿಲ್ಲವಾದರೆ ಸೂಜಿ ಹೋದ ಪ್ರತಿ ತೂತೂ ನೀರಿಗೆ ಬಾಗಿಲು. ಭುಜಕ್ಕೆ ಮಾತ್ರ ಟೇಪ್ ಹಾಕಿ ತೋಳು, ಪಕ್ಕೆಗಳಿಗೆ ಬಿಟ್ಟಿರುವುದೂ ಉಂಟು. ಸೈಕಲ್ ಮೇಲೆ ತೋಳು ಮುಂದಕ್ಕೆ ಚಾಚಿ ನೇರ ಮಳೆಗೆ ಒಡ್ಡಿರುತ್ತದೆ, ಹಾಗಾಗಿ ಎಲ್ಲ ಹೊಲಿಗೆಗಳಿಗೂ ಟೇಪ್ ಇರಲೇಬೇಕು.

ಪ್ರಶ್ನೆ: ಅಂಗಡಿಯಲ್ಲಿ ಹಾಕಿ ನೋಡಿದಾಗ ಸರಿಯಿದ್ದ ಜಾಕೆಟ್ ಸೈಕಲ್ ಹತ್ತಿದ ಮೇಲೆ ಎಲ್ಲ ಕಡೆ ಎಳೆಯುತ್ತದೆ. ಅಳತೆ ನೋಡುವುದು ಹೇಗೆ?

ಉತ್ತರ: ನಿಂತು ನೋಡಬೇಡಿ. ಸಾಧ್ಯವಾದರೆ ಸೈಕಲ್ ಮೇಲೆ ಕೂತು, ಇಲ್ಲವೇ ಮೇಜಿನ ಅಂಚನ್ನು ಹ್ಯಾಂಡಲ್‌ನಂತೆ ಹಿಡಿದು ಬಾಗಿ ನೋಡಿ. ಒಳಗೆ ನೀವು ಹಾಕುವ ಅತಿ ದಪ್ಪದ ಜರ್ಸಿ ಇರಲಿ, ಅದರ ಬೆನ್ನ ಜೇಬುಗಳಲ್ಲಿ ಎಂದಿನ ಸಾಮಾನುಗಳೂ ಇರಲಿ.

ತೋಳು ಬಾಗಿದಾಗ ಮಣಿಕಟ್ಟಿನ ಮೂಳೆ ದಾಟಿ ಗ್ಲೌಸ್‌ನ ಬಾಯನ್ನು ಮುಚ್ಚಬೇಕು. ನಿಂತಾಗ ಅದೇ ತೋಳು ಮೂರು ನಾಲ್ಕು ಸೆಂಟಿಮೀಟರ್ ಉದ್ದ ಎನಿಸುತ್ತದೆ, ಅದು ಸರಿಯೇ. ಮಳೆಯಲ್ಲಿ ಜಾಕೆಟ್‌ನ ತೋಳು ಗ್ಲೌಸ್‌ನ ಮೇಲಿರಬೇಕು, ಒಳಗಲ್ಲ. ಒಳಗಿದ್ದರೆ, ಹ್ಯಾಂಡಲ್ ಹಿಡಿದ ಕೈ ಕೆಳಮುಖವಾಗಿರುವುದರಿಂದ ತೋಳಿನ ನೀರೆಲ್ಲ ಗ್ಲೌಸ್‌ನೊಳಗೆ ಇಳಿಯುತ್ತದೆ. ಗ್ಲೌಸ್ ನೀರು ಹಿಡಿಯುವುದಕ್ಕೆ ಅರ್ಧ ಕಾರಣ ಇದೇ.

ಬೆನ್ನು ಉದ್ದ, ಎದೆ ಗಿಡ್ಡ ಇರಬೇಕು. ಹಿಂಭಾಗ ಸೊಂಟ ದಾಟಿ ಕುಂಡಿಯ ಮೇಲ್ಭಾಗ ಮುಚ್ಚಲಿ, ಆದರೆ ಎದ್ದು ತುಳಿಯುವಾಗ ಸೀಟಿಗೆ ಸಿಕ್ಕಿಕೊಳ್ಳುವಷ್ಟು ಉದ್ದ ಬೇಡ. ಮುಂಭಾಗ ಉದ್ದವಾದರೆ ಬಾಗಿದಾಗ ಹೊಟ್ಟೆಯ ಬಳಿ ಜೋಳಿಗೆ ಕಟ್ಟಿ ನೀರು ನಿಲ್ಲುತ್ತದೆ. ನಡೆಯುವವರ ಮಳೆ ಜಾಕೆಟ್ ಸೈಕಲ್ಲಿಗೆ ಒಗ್ಗದಿರಲು ಮುಖ್ಯ ಕಾರಣ ಈ ಎದೆ-ಬೆನ್ನಿನ ಅಳತೆ.

ದೊಗಲೆ ಬೇಡ. ಮೇಲ್ದೋಳಿನಲ್ಲಿ ಬಟ್ಟೆಯನ್ನು ಚಿವುಟಿ ಹಿಡಿದಾಗ ನಾಲ್ಕೈದು ಸೆಂಟಿಮೀಟರ್‌ಗಿಂತ ಹೆಚ್ಚು ಕೈಗೆ ಬಂದರೆ ಇಳಿಜಾರಿನಲ್ಲಿ ಪಟಪಟ ಬಡಿಯುತ್ತದೆ, ಗಾಳಿಯ ಎಳೆತವೂ ಹೆಚ್ಚುತ್ತದೆ. ತೀರ ಬಿಗಿಯಾದರೂ ಕಷ್ಟ: ಬಟ್ಟೆ ಚರ್ಮಕ್ಕೆ ಒತ್ತಿಕೊಂಡಲ್ಲಿ ಹೊರಗಿನ ತಂಪು ನೇರ ಒಳಬಂದು ಆವಿ ಅಲ್ಲೇ ನೀರಾಗುತ್ತದೆ. ಕತ್ತಿನಲ್ಲಿ ಜಿಪ್ ಪೂರ್ತಿ ಏರಿಸಿದ ಮೇಲೆ ಒಂದು ಬೆರಳು ಹೋಗುವಷ್ಟು ಜಾಗವಿರಲಿ. ಅಲ್ಲಿ ಜಿಪ್‌ನ ತುದಿ ಗದ್ದಕ್ಕೆ ಗೀರದಂತೆ ಬಟ್ಟೆಯ ಮುಚ್ಚಿಗೆಯೂ ಇರಲಿ.

ಜಿಪ್ ಬಗ್ಗೆ ಎರಡು ಮಾತು. ಮೇಲೆ ರಬ್ಬರಿನಂಥ ಲೇಪವಿರುವ ಜಿಪ್‌ಗಳು ನೋಡಲು ಅಚ್ಚುಕಟ್ಟು, ಆದರೆ ಅವು ಗಡುಸು, ಬಾಗಿದಾಗ ಎದೆಯ ಮೇಲೆ ಡೊಂಕಾಗಿ ಉಬ್ಬುತ್ತವೆ. ಲೇಪವೂ ವರ್ಷಗಳಲ್ಲಿ ಬಿರಿಯುತ್ತದೆ. ಸಾದಾ ತೆಳು ಜಿಪ್, ಅದರ ಹಿಂದೆ ಎರಡು ಮೂರು ಸೆಂಟಿಮೀಟರ್ ಅಗಲದ ಒಳಪಟ್ಟಿ ಇರುವುದೇ ನಮಗೆ ಮೆಚ್ಚುಗೆ. ಒಳಪಟ್ಟಿ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆಯೇ ಎಂದು ಐದಾರು ಸಲ ಒಂದೇ ಕೈಯಲ್ಲಿ ಏರಿಸಿ ಇಳಿಸಿ ನೋಡಿ. ಸವಾರಿಯ ನಡುವೆ ಇನ್ನೊಂದು ಕೈ ಹ್ಯಾಂಡಲ್ ಮೇಲಿರುತ್ತದೆ. ಜಿಪ್‌ನ ಹಿಡಿ ಚಿಕ್ಕದಿದ್ದರೆ ಬೆರಳುದ್ದದ ದಾರ ಕಟ್ಟಿಕೊಳ್ಳಿ, ಒದ್ದೆ ಗ್ಲೌಸ್‌ನಲ್ಲೂ ಸಿಗುತ್ತದೆ. ಎರಡು ಕಡೆಯಿಂದ ತೆರೆಯುವ ಜಿಪ್ ಇದ್ದರೆ ಕೆಳಗಿನಿಂದ ಒಂದು ಗೇಣು ತೆರೆದು ಜರ್ಸಿಯ ಜೇಬಿಗೆ ಕೈ ಹಾಕಬಹುದು, ಹೊಟ್ಟೆಗೆ ಗಾಳಿಯೂ ಆಡುತ್ತದೆ. ಮಳೆ ಮೇಲಿನಿಂದ ಬೀಳುವಾಗ ಕೆಳಗೆ ತೆರೆದದ್ದರಿಂದ ನಷ್ಟ ಕಡಿಮೆ.

ಪ್ರಶ್ನೆ: ತಲೆಗೆ ಹುಡ್ ಬೇಕೇ?

ಉತ್ತರ: ವೇಗದ ಸವಾರಿಗೆ ಬೇಡ. ಹೆಲ್ಮೆಟ್ ಮೇಲೆ ಹಾಕುವ ಹುಡ್ ಗಾಳಿ ತುಂಬಿಕೊಂಡು ಹಿಂದಕ್ಕೆ ಎಳೆಯುತ್ತದೆ. ಹಿಂತಿರುಗಿ ನೋಡಿದಾಗ ತಲೆ ತಿರುಗಿ ಹುಡ್ ಅಲ್ಲೇ ಉಳಿದು ಕಣ್ಣಿಗೆ ಅಡ್ಡ ಬರುತ್ತದೆ. ಬರುವ ವಾಹನ ಕಾಣದಿದ್ದರೆ ಅಪಾಯ. ಹೆಲ್ಮೆಟ್ ಕೆಳಗೆ ಅಂಚಿರುವ ತೆಳು ಟೋಪಿ ಹಾಕಿದರೆ ಕಣ್ಣಿಗೆ ಹನಿ ಹೊಡೆಯುವುದು ತಪ್ಪುತ್ತದೆ. ಹುಡ್ ಬೇಕೇ ಬೇಕೆನ್ನುವವರು ಹೆಲ್ಮೆಟ್ ಒಳಗೆ ಹೋಗುವ ತೆಳು ಹುಡ್ ಆರಿಸಿ, ಅದನ್ನು ಹಾಕಿದ ಮೇಲೆ ಹೆಲ್ಮೆಟ್‌ನ ಹಿಡಿತವನ್ನು ಮತ್ತೆ ಸರಿಪಡಿಸಿಕೊಳ್ಳಿ.

ಪ್ರಶ್ನೆ: ಎರಡು ವರ್ಷ ಚೆನ್ನಾಗಿದ್ದ ಜಾಕೆಟ್ ಈಗ ಹೊರಗೆ ನೆನೆದು ಕಪ್ಪಾಗುತ್ತದೆ, ಒಳಗೂ ಒದ್ದೆ. ಎಸೆಯಬೇಕೇ?

ಉತ್ತರ: ಎಸೆಯುವ ಮುನ್ನ ಒಳಗಿನ ಒದ್ದೆ ಎಲ್ಲಿಂದ ಬಂತು ಎಂದು ಕಂಡುಕೊಳ್ಳಿ. ಜಾಕೆಟ್ ಒಳಗೆ ಭುಜ, ತೋಳು, ಎದೆಯ ಬಳಿ ಟಿಶ್ಯೂ ಕಾಗದ ಹರಡಿ, ಜಿಪ್ ಮುಚ್ಚಿ, ಶವರ್ ಕೆಳಗೆ ಹತ್ತು ನಿಮಿಷ ತೂಗುಹಾಕಿ. ಕಾಗದ ಒಣಗಿದ್ದರೆ ನೀರು ಒಳಬಂದಿಲ್ಲ, ನೀವು ಅನುಭವಿಸಿದ್ದು ನಿಮ್ಮದೇ ಬೆವರು. ಹೊಲಿಗೆಯ ಉದ್ದಕ್ಕೆ ಗೆರೆಯಾಗಿ ಒದ್ದೆಯಾಗಿದ್ದರೆ ಟೇಪ್ ಎದ್ದಿದೆ. ಬಯಲಲ್ಲೇ ಮಚ್ಚೆ ಮಚ್ಚೆಯಾಗಿದ್ದರೆ ಪೊರೆ ಹಾಳಾಗಿದೆ. ಒಳಗೆ ಬಿಳಿ ಹೊಟ್ಟು ಉದುರುತ್ತಿದ್ದರೆ, ಗುಳ್ಳೆ ಎದ್ದಿದ್ದರೆ ಅದರ ಆಯುಷ್ಯ ಮುಗಿಯಿತು.

ಬಹುಪಾಲು ಜಾಕೆಟ್‌ಗಳಲ್ಲಿ ಆಗಿರುವುದು ಮೊದಲನೆಯದು. ಹೊರಬಟ್ಟೆಗೆ ನೀರು ಮಣಿಯಾಗಿ ಉರುಳುವಂತೆ ಒಂದು ಲೇಪ ಇರುತ್ತದೆ. ಕೊಳೆ, ಬೆವರಿನ ಉಪ್ಪು, ಸನ್‌ಸ್ಕ್ರೀನ್, ಚೈನಿನ ಎಣ್ಣೆ ಸೇರಿ ಅದನ್ನು ಮಂಕಾಗಿಸುತ್ತವೆ. ಆಗ ಹೊರಬಟ್ಟೆ ನೀರು ಕುಡಿದು ಭಾರವಾಗಿ, ಆವಿ ಹೊರಹೋಗುವ ದಾರಿಯ ಮೇಲೆ ನೀರಿನ ಹಾಳೆಯೊಂದು ಕುಳಿತಂತಾಗುತ್ತದೆ. ಪೊರೆ ಗಟ್ಟಿಯಾಗಿದ್ದರೂ ಒಳಗೆ ತೊಪ್ಪೆ. ಹಿಂದಿನ ಲೇಪಗಳಲ್ಲಿ ಫ್ಲೋರಿನ್ ಸಂಯುಕ್ತಗಳಿದ್ದವು, ಅವು ಎಣ್ಣೆಯನ್ನೂ ತಡೆಯುತ್ತಿದ್ದವು. ನಿಸರ್ಗದಲ್ಲಿ ಕರಗದೆ ಉಳಿಯುವ ಕಾರಣಕ್ಕೆ ಅವನ್ನು ಈಗ ಬಿಡುತ್ತಿದ್ದಾರೆ. ಗೋರ್ ಕಂಪನಿ ಪೊರೆಯಲ್ಲೂ 2022ರಿಂದ ಫ್ಲೋರಿನ್ ಇಲ್ಲದ, ಪಾಲಿಎಥಿಲೀನ್ ಆಧಾರಿತ ಬಗೆಯನ್ನು ತಂದಿದೆ. ಬಿಡುವುದು ಸರಿಯಾದ ತೀರ್ಮಾನವೇ. ಆದರೆ ಫ್ಲೋರಿನ್ ಇಲ್ಲದ ಲೇಪ ನೀರನ್ನು ತಡೆದರೂ ಎಣ್ಣೆಯನ್ನು ತಡೆಯದು, ಹಾಗಾಗಿ ಹೊಸ ಜಾಕೆಟ್‌ಗಳನ್ನು ಹಳೆಯವಕ್ಕಿಂತ ಹೆಚ್ಚು ಸಲ ತೊಳೆಯಬೇಕು. ತೊಳೆದರೆ ಹಾಳಾಗುತ್ತದೆ ಎಂದು ವರ್ಷಗಟ್ಟಲೆ ತೊಳೆಯದೆ ಇಡುವುದೇ ಜಾಕೆಟ್ ಕೆಡಲು ದೊಡ್ಡ ಕಾರಣ.

ತೊಳೆಯುವ ಕ್ರಮ: ಜಿಪ್, ವೆಲ್ಕ್ರೋ ಎಲ್ಲ ಮುಚ್ಚಿ. ಮಶೀನಿನ ಸೋಪಿನ ಗೂಡಿನಲ್ಲಿ ಹಳೆಯ ಪುಡಿ ಉಳಿದಿದ್ದರೆ ತೊಳೆದು ತೆಗೆಯಿರಿ. 30 ಡಿಗ್ರಿ ನೀರು, ಮೃದು ಚಕ್ರ, ಮಳೆ ಬಟ್ಟೆಗೆಂದೇ ಬರುವ ದ್ರವ. ಸಾಮಾನ್ಯ ಡಿಟರ್ಜೆಂಟ್ ನೀರನ್ನು ಸೆಳೆಯುವ ಅಂಶವನ್ನು ಬಟ್ಟೆಯಲ್ಲಿ ಉಳಿಸುತ್ತದೆ, ಬಟ್ಟೆ ಮೃದುವಾಗಿಸುವ ದ್ರವವಂತೂ ಲೇಪದ ಮೇಲೆ ಇನ್ನೊಂದು ಪೊರೆ ಬಳಿಯುತ್ತದೆ. ಎರಡು ಸಲ ಜಾಲಿಸಿ. ಜೋರಾಗಿ ಹಿಂಡಬೇಡಿ. ಆಮೇಲೆ ಶಾಖ ಕೊಡಬೇಕು, ಹೆಚ್ಚಿನವರು ಬಿಡುವ ಹೆಜ್ಜೆ ಇದೇ. ಲೇಬಲ್ ಒಪ್ಪಿದರೆ ಡ್ರೈಯರ್‌ನಲ್ಲಿ ಕಡಿಮೆ ಶಾಖಕ್ಕೆ 20 ನಿಮಿಷ. ಇಲ್ಲವೇ ಒಣಗಿದ ಜಾಕೆಟ್ ಮೇಲೆ ತೆಳು ಹತ್ತಿಬಟ್ಟೆ ಹಾಸಿ, ಹಬೆಯಿಲ್ಲದ ಕಡಿಮೆ ಶಾಖದ ಇಸ್ತ್ರಿ. ಶಾಖಕ್ಕೆ ಲೇಪದ ಕಣಗಳು ಮತ್ತೆ ನೆಟ್ಟಗಾಗುತ್ತವೆ. ಹನಿ ಚಿಮುಕಿಸಿ ನೋಡಿ. ಉರುಳಿದರೆ ಕೆಲಸ ಮುಗಿಯಿತು.

ಉರುಳದಿದ್ದರೆ ಹೊಸ ಲೇಪ ಹಾಕಿ. ಮಶೀನಿಗೆ ಸುರಿಯುವ ಬಗೆಗಿಂತ ಸ್ಪ್ರೇ ವಾಸಿ, ಏಕೆಂದರೆ ಮಶೀನಿನದ್ದು ಒಳಮೈಗೂ ಹತ್ತಿ ಅಲ್ಲಿ ಬೆವರು ಹೀರುವುದನ್ನು ತಗ್ಗಿಸುತ್ತದೆ. ತೊಳೆದ ಒದ್ದೆ ಜಾಕೆಟ್ಟನ್ನು ತೂಗುಹಾಕಿ 15ರಿಂದ 20 ಸೆಂಟಿಮೀಟರ್ ದೂರದಿಂದ ಸಿಂಪಡಿಸಿ, ಭುಜಕ್ಕೂ ಮುಂಗೈಗೂ ಎರಡನೆಯ ಸಲ. ಎರಡು ನಿಮಿಷ ಬಿಟ್ಟು ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿ, ಇಲ್ಲವಾದರೆ ಬಿಳಿ ಕಲೆ ಉಳಿಯುತ್ತದೆ. ಆಮೇಲೆ ಡಬ್ಬಿಯ ಮೇಲೆ ಹೇಳಿದಂತೆ ಒಣಗಿಸಿ.

ಪ್ರಶ್ನೆ: ಜೇಬಿನಲ್ಲೇ ಸುತ್ತಿ ಇಟ್ಟರೆ ಕೆಡುತ್ತದೆಯೇ? ಸುತ್ತುವ ಬಗೆ ಹೇಗೆ?

ಉತ್ತರ: ಸವಾರಿಯ ಹೊತ್ತಿನಲ್ಲಿ ಎಷ್ಟು ಬೇಕಾದರೂ ಸುತ್ತಿ. ಮನೆ ಸೇರಿದ ಮೇಲೆ ಬಿಡಿಸಿ ಹ್ಯಾಂಗರಿಗೆ ಹಾಕಿ. ತಿಂಗಳುಗಟ್ಟಲೆ ಒತ್ತಿಟ್ಟರೆ ಮಡಿಕೆಯ ಗೆರೆಯಲ್ಲೇ ಲೇಪ ಬಿರಿಯುತ್ತದೆ. ಒದ್ದೆಯಲ್ಲಿ ಸುತ್ತಿ ಮರೆತರೆ ಇನ್ನೂ ಕೆಟ್ಟದ್ದು: ತೇವ ಮತ್ತು ಬಿಸಿ ಸೇರಿ ಒಳಗಿನ, ನೀರು ತಡೆಯುವ ಪಾಲಿಯುರೆಥೇನ್ ಲೇಪವನ್ನು ನಿಧಾನವಾಗಿ ಒಡೆಯುತ್ತವೆ, ಮೇಲೆ ಹೇಳಿದ ಬಿಳಿ ಹೊಟ್ಟು ಬರುವುದು ಹಾಗೆ.

ಜಿಪ್ ಮುಚ್ಚಿ, ಬೆನ್ನು ಮೇಲಾಗಿ ಹಾಸಿ, ತೋಳುಗಳನ್ನು ಒಳಕ್ಕೆ ತಿರುಗಿಸಿ, ಉದ್ದಕ್ಕೆ ಮೂರು ಮಡಿಕೆ ಮಾಡಿ, ಕೆಳ ಅಂಚಿನಿಂದ ಕತ್ತಿನ ಕಡೆಗೆ ಗಾಳಿ ಹಿಂಡುತ್ತ ಸುತ್ತಿ. ಕತ್ತಿನಲ್ಲಿ ಗಾಳಿ ಹೊರಹೋಗಲು ಜಿಪ್ ಎರಡು ಬೆರಳು ತೆರೆದಿರಲಿ. ಬೇರೆ ಚೀಲದೊಂದಿಗೆ ಬರುವ ಜಾಕೆಟ್‌ಗಿಂತ ತನ್ನದೇ ಜೇಬಿನೊಳಗೆ ಮಗುಚಿ ಸೇರುವುದು ಒಳ್ಳೆಯದು, ಚೀಲ ಕಳೆಯುವ ಭಯವಿಲ್ಲ.

ಪ್ರಶ್ನೆ: ಬಣ್ಣ ಯಾವುದು?

ಉತ್ತರ: ಹಗಲಿಗೆ, ಅದರಲ್ಲೂ ಮೋಡ ಕವಿದ ಹೊತ್ತಿಗೆ, ಹೊಳೆವ ಹಳದಿ ಅಥವಾ ಕಿತ್ತಳೆ. ಅದು ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಕಾಣುವ ಬೆಳಕಾಗಿಸುವುದರಿಂದ ಎದ್ದು ತೋರುತ್ತದೆ. ಕತ್ತಲಲ್ಲಿ ಆ ಕಿರಣವೇ ಇಲ್ಲ, ಬಣ್ಣ ಕೆಲಸ ಮಾಡದು. ಆಗ ಬೇಕಾದ್ದು ದೀಪದ ಬೆಳಕನ್ನು ಬಂದ ಕಡೆಗೇ ತಿರುಗಿಸುವ ಪಟ್ಟಿ. ಜಾಕೆಟ್‌ನ ಬೆನ್ನ ಕೆಳಭಾಗದಲ್ಲಿ ಅದು ಅಗಲವಾಗಿರಲಿ. ಜೊತೆಗೆ ಕಣಕಾಲಿಗೂ ಒಂದು ಪಟ್ಟಿ ಕಟ್ಟಿಕೊಳ್ಳಿ. ಮೇಲೆ ಕೆಳಗೆ ಆಡುವ ಕಾಲನ್ನು ಕಂಡೊಡನೆ ಚಾಲಕರಿಗೆ ಅಲ್ಲೊಬ್ಬ ಸವಾರನಿದ್ದಾನೆ ಎಂದು ತಿಳಿಯುತ್ತದೆ. ಪಟ್ಟಿ ಇದ್ದರೂ ಹಿಂದೆ ಮುಂದೆ ದೀಪ ಬೇಕೇ ಬೇಕು.

ಪ್ರಶ್ನೆ: ಒಳ್ಳೆಯ ಜಾಕೆಟ್ ಇದ್ದೂ ಬೆನ್ನ ಕೆಳಗೆ, ಕಾಲಿಗೆ ನೀರು ತಪ್ಪುವುದಿಲ್ಲ.

ಉತ್ತರ: ಅದು ಚಕ್ರ ಎರಚುವ ನೀರು. ಮಡ್‌ಗಾರ್ಡ್ ಹಾಕಿಸಿ, ಪೂರ್ತಿ ಉದ್ದದ್ದು, ಮುಂದಿನದಕ್ಕೆ ತುದಿಯಲ್ಲಿ ನೇತಾಡುವ ರಬ್ಬರ್ ತುಂಡಿನೊಡನೆ. ರಸ್ತೆಯ ಆ ನೀರಿನಲ್ಲಿ ಮಣ್ಣೂ ಎಣ್ಣೆಯೂ ಇರುವುದರಿಂದ ಮಡ್‌ಗಾರ್ಡ್ ಇದ್ದರೆ ಜಾಕೆಟ್‌ನ ಲೇಪವೂ ಹೆಚ್ಚು ದಿನ ಬಾಳುತ್ತದೆ.

ಪ್ರಶ್ನೆ: ಬಿದ್ದು ಮೊಣಕೈ ಬಳಿ ಎರಡು ಸೆಂಟಿಮೀಟರ್ ಹರಿದಿದೆ. ದರ್ಜಿಗೆ ಕೊಡಬಹುದೇ?

ಉತ್ತರ: ಹೊಲಿಸಬೇಡಿ, ಸೂಜಿಯ ಪ್ರತಿ ಚುಚ್ಚೂ ಹೊಸ ತೂತು. ಹೊರಾಂಗಣ ಬಟ್ಟೆಗೆಂದು ಬರುವ ನೈಲಾನ್ ಅಂಟು ತೇಪೆ ತನ್ನಿ. ಹರಿದ ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಒಣಗಿಸಿ. ಹರಿದದ್ದಕ್ಕಿಂತ ಎಲ್ಲ ಕಡೆ ಒಂದೂವರೆ ಸೆಂಟಿಮೀಟರ್ ಹೆಚ್ಚಾಗಿ ತೇಪೆ ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ, ಚೂಪು ಮೂಲೆ ಬೇಗ ಏಳುತ್ತದೆ. ಹರಿದ ಅಂಚುಗಳನ್ನು ಸಮತಟ್ಟಾಗಿ ಕೂಡಿಸಿ ಹೊರಗಿನಿಂದ ಅಂಟಿಸಿ, ನಡುವಿನಿಂದ ಅಂಚಿಗೆ ಉಜ್ಜುತ್ತ ಗಾಳಿ ತೆಗೆಯಿರಿ. ಒಂದು ದಿನ ಮುಟ್ಟದೆ ಬಿಡಿ. ಮೊಣಕೈ ಬಾಗುವ ಜಾಗವಾದ್ದರಿಂದ ಒಳಗಿನಿಂದಲೂ ಒಂದು ತೇಪೆ ಹಾಕುವುದು ಒಳ್ಳೆಯದು, ಅದು ಹೊರಗಿನದಕ್ಕಿಂತ ಸ್ವಲ್ಪ ದೊಡ್ಡದಿರಲಿ. ಎರಡರ ಅಂಚೂ ಒಂದೇ ಗೆರೆಯಲ್ಲಿ ಬಂದರೆ ಬಟ್ಟೆ ಅಲ್ಲೇ ಮಡಚಿ ಸವೆಯುತ್ತದೆ.